ಕಾಮಾಕುರದ ತಾತನ ಪಾಲು

ಜಪಾನಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಬಾಗಿಲು ದಾಟಿದ ಕೂಡಲೇ ಗೆಣಸು ಸುಡುವ ಒಂದು ಪೆಟ್ಟಿಗೆ ಇರುತ್ತದೆ. ಬಿಸಿ ಕಲ್ಲುಗಳ ಮೇಲೆ ಗೆಣಸು ಮಲಗಿರುತ್ತವೆ. ಸಿಪ್ಪೆ ಅಲ್ಲಲ್ಲಿ ಒಡೆದು ಬೆಲ್ಲದ ಪಾಕದಂಥ ರಸ ಇಳಿದಿರುತ್ತದೆ. ಆ ವಾಸನೆ ತರಕಾರಿ ಸಾಲಿನವರೆಗೂ ಬೆನ್ನು ಬಿಡುವುದಿಲ್ಲ. ಬೇರೆಯವರಿಗೆ ಅದರಿಂದ ಹಸಿವಾಗುತ್ತದೆ. ನಾನು ಮಾತ್ರ ಅಪರಾಧಿಯ ಹಾಗೆ ಅತ್ತಿತ್ತ ನೋಡುತ್ತೇನೆ. ಕಾನಾಗಾವಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಸೇರಿ ಮತ್ತೆ ಈ ದೇಶಕ್ಕೆ ಬಂದ ಮೇಲೆ ಈ ಕಾಟ ಹೆಚ್ಚಾಗಿದೆ. ಹೋದ ತಿಂಗಳು ಅಂಥದೇ ಪೆಟ್ಟಿಗೆಯ ಮುಂದೆ ನಿಂತಿದ್ದಾಗ ಟೋಕಿಯೋ ಪಕ್ಕದ ಉರಯಾಸುವಿನಿಂದ ಚಿಕ್ಕಮ್ಮನ ಫೋನ್ ಬಂತು.

“ಶನಿವಾರ ಫ್ರೀ ಇಟ್ಕೋ. ತಾತನ ದಿನ ಬಂತು. ಈ ಸಲ ನೀನೂ ಇಲ್ಲೇ ಇದ್ದೀಯಲ್ಲ, ಜೊತೆಗೆ ಹೋಗೋಣ,” ಅಂದರು.

ಹೂಂ ಅಂದೆ. ಬೇರೇನು ಅನ್ನಲು ಸಾಧ್ಯವಿತ್ತು? ಈ ತಾತ ನನ್ನ ತಾತನೂ ಅಲ್ಲ, ಚಿಕ್ಕಮ್ಮನ ತಾತನೂ ಅಲ್ಲ. ಅವರು ಯಾರೆಂದು ಹೇಳಬೇಕಾದರೆ ನಾನು ಕಾಲೇಜು ಹುಡುಗನಾಗಿ ಉರಯಾಸುವಿನ ಆ ಫ್ಲ್ಯಾಟಿನಲ್ಲಿ ಕಳೆದ ಒಂದು ವರ್ಷಕ್ಕೆ ಹೋಗಬೇಕು.

ಬೆಂಗಳೂರಿನ ನಮ್ಮ ಎಂಜಿನಿಯರಿಂಗ್ ಕಾಲೇಜಿಗೂ ಟೋಕಿಯೋದ ಒಂದು ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿಗಳನ್ನು ಅದಲು ಬದಲು ಮಾಡುವ ಒಪ್ಪಂದವಿತ್ತು. ಮೂರನೇ ವರ್ಷದಲ್ಲಿ ನನ್ನ ಹೆಸರು ಬಂತು. ಹಾಸ್ಟೆಲ್ ಯಾಕೆ, ನಮ್ಮ ಮನೆ ಇಲ್ವಾ ಎಂದು ಚಿಕ್ಕಪ್ಪ ಅಲ್ಲಿಂದಲೇ ತೀರ್ಮಾನ ಮಾಡಿದರು. ಅವರು ಅಪ್ಪನ ತಮ್ಮ, ಶಿನಾಗಾವಾದ ಐಟಿ ಆಫೀಸಿನಲ್ಲಿ ಕೆಲಸ. ಶೈಲಾ ಚಿಕ್ಕಮ್ಮ ತಿಪಟೂರಿನವರು. ಮಗಳು ಅನ್ವಿ ಅಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ ಕೊಡುವವಳು. ನಾನು ಹೋಗಿ ಇಳಿದದ್ದು ಸೆಪ್ಟೆಂಬರಿನಲ್ಲಿ. ಒಂದರ ಹಿಂದೊಂದು ಚಂಡಮಾರುತ ಬಂದು ಹೋಗುತ್ತಿದ್ದವು. ಬಾಲ್ಕನಿಯ ತುಳಸಿ ಕುಂಡವನ್ನು ಒಳಗೆ ತರುವುದು, ಹೊರಗಿಡುವುದು, ಅದೇ ನನ್ನ ಮೊದಲ ಕೆಲಸವಾಗಿತ್ತು.

ಅಕ್ಟೋಬರಿನಲ್ಲಿ ಆಕಾಶ ತೊಳೆದಿಟ್ಟಂತಾಯಿತು. ನನ್ನ ಕಾಲು ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ಕ್ಲಾಸಿನ ನಾಲ್ಕಾರು ಹುಡುಗ ಹುಡುಗಿಯರ ಜೊತೆ ಅಗ್ಗದ ಲೋಕಲ್ ರೈಲು ಹತ್ತಿದರೆ ಭಾನುವಾರ ಸಂಜೆಗೆ ವಾಪಸ್ಸು. ನಿಕ್ಕೋದಲ್ಲಿ ಕೆಂಪು ಮೇಪಲ್ ಎಲೆ, ಹಾಕೋನೆಯಲ್ಲಿ ಗಂಧಕದ ಹೊಗೆ, ಕಾವಾಗೋಯೆಯ ಹಳೇ ಬೀದಿಯಲ್ಲಿ ಗಂಟೆಯ ಸದ್ದು. ಚಿಕ್ಕಮ್ಮ ಪ್ರತಿ ಸಲವೂ ಮುಂಜಾನೆ ಎದ್ದು ಸ್ಟೀಲಿನ ಡಬ್ಬಿಗೆ ಪುಳಿಯೋಗರೆಯನ್ನೋ ಚಪಾತಿ ಪಲ್ಯವನ್ನೋ ತುಂಬಿ ಕೊಡುತ್ತಿದ್ದರು. ಊರಿಗೆ ಹೋದವರು ಮನೆಯವರಿಗೆ ಏನಾದರೂ ತರಲೇಬೇಕೆಂಬುದು ಅಲ್ಲಿಯ ಪದ್ಧತಿ. ಹಾಗಾಗಿ ನಾನೂ ಹೋದ ಕಡೆಯಿಂದೆಲ್ಲ ಬಿಸ್ಕತ್ತಿನ ಡಬ್ಬಿ ತರುತ್ತಿದ್ದೆ. ಬಿಸ್ಕತ್ತು ಅನ್ವಿಯ ಹೊಟ್ಟೆಗೆ, ಡಬ್ಬಿ ಅಡುಗೆಮನೆಗೆ. ನಿಕ್ಕೋ ಡಬ್ಬಿಯಲ್ಲಿ ಧನಿಯ, ಹಾಕೋನೆ ಡಬ್ಬಿಯಲ್ಲಿ ಸಾಸಿವೆ. ಹೀಗೆ ಚಿಕ್ಕಮ್ಮನ ಒಗ್ಗರಣೆ ಸಾಮಾನೆಲ್ಲ ಜಪಾನ್ ಪ್ರವಾಸ ಮಾಡಿದ್ದವು, ಚಿಕ್ಕಮ್ಮ ಒಬ್ಬರನ್ನು ಬಿಟ್ಟು.

ಅವರು ಎಲ್ಲಿಗೂ ಹೋದವರಲ್ಲ. ವಾರವಿಡೀ ದುಡಿದ ಚಿಕ್ಕಪ್ಪ ಶನಿವಾರ ಮಧ್ಯಾಹ್ನದವರೆಗೆ ಮಲಗುತ್ತಿದ್ದರು. ಎದ್ದ ಮೇಲೆ ಎಲ್ಲಾ ಕಡೆ ಅದೇ ಗುಡಿ, ಅದೇ ಗುಡ್ಡ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಭಾನುವಾರ ಅನ್ವಿಗೆ ಈಜು. ಒಬ್ಬರೇ ಹೋಗಲು ಚಿಕ್ಕಮ್ಮನಿಗೆ ಆ ರೈಲಿನ ಬಣ್ಣ ಬಣ್ಣದ ಗೆರೆಗಳ ಭಯ. ಚಿಕ್ಕಪ್ಪನ ಆಫೀಸಿರುವ ಶಿನಾಗಾವಾದವರೆಗಿನ ದಾರಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಡುವಲ್ಲಿ ಒಂದು ಜೊತೆ ಬಿಳಿ ವಾಕಿಂಗ್ ಶೂ ಇತ್ತು. ಮದುವೆಯಾಗಿ ಬಂದ ವರ್ಷ ಸುತ್ತಾಡಲೆಂದು ಕೊಂಡದ್ದಂತೆ. ಅದರ ಅಡಿಗೆ ಮಣ್ಣು ಹತ್ತಿರಲಿಲ್ಲ. ಪ್ರತಿ ಶನಿವಾರ ನಾನು ಅದರ ಪಕ್ಕದಲ್ಲೇ ಕೂತು ನನ್ನ ಶೂ ಕಟ್ಟಿಕೊಳ್ಳುತ್ತಿದ್ದೆ, ಅದರ ಕಡೆ ನೋಡದೆ. ಚಿಕ್ಕಮ್ಮಾ ನೀವೂ ಬನ್ನಿ ಎಂದು ಕರೆಯಲು ಒಂದು ನಿಮಿಷ ಸಾಕಿತ್ತು. ಗೆಳೆಯರ ಮುಂದೆ ಚಿಕ್ಕಮ್ಮನನ್ನು ಕಟ್ಟಿಕೊಂಡು ಹೋಗುವುದಕ್ಕೆ ನನಗೆ ನಾಚಿಕೆ, ಅಷ್ಟೇ. ಬೇರೆ ಕಾರಣ ಏನೂ ಇರಲಿಲ್ಲ.

ಒಂದು ಭಾನುವಾರ ಚಂಡಿ ಮಳೆ ಬಂದು ಬೇಗ ವಾಪಸ್ಸಾದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ತುಮಕೂರಿನ ಅಕ್ಕನ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. “ಹೋದ ವಾರ ನಿಕ್ಕೋಗೆ ಹೋಗಿದ್ವಿ ಕಣಕ್ಕ. ಕೋತಿಗಳು ಎಷ್ಟು ಅಂತೀಯ. ಒಂದು ನನ್ನ ಬ್ಯಾಗಿಗೇ ಕೈ ಹಾಕ್ತು,” ಎನ್ನುತ್ತಿದ್ದರು. ಕೋತಿ ಕೈ ಹಾಕಿದ್ದು ನನ್ನ ಬ್ಯಾಗಿಗೆ. ನಾನು ಕಳಿಸಿದ ಫೋಟೋಗಳನ್ನೇ ಅವರು ಅಕ್ಕನಿಗೆ ಕಳಿಸುತ್ತಿದ್ದರು. ಫೋಟೋದಲ್ಲಿ ನೀನ್ಯಾಕೆ ಇಲ್ವೇ ಎಂದು ಅಕ್ಕ ಕೇಳಿದ್ದಕ್ಕೆ, ತೆಗೆಯೋಳು ನಾನಲ್ವಾ ಎಂದು ನಕ್ಕರು. ತಿರುಗಿದಾಗ ಬಾಗಿಲಲ್ಲಿ ನಾನು. ಕಾಲ್ ಮುಗಿಸಿ, ಒದ್ದೆ ತಲೆ ಒರೆಸಿಕೋ ಎಂದು ಟವೆಲ್ ಕೊಟ್ಟರು. ಆಮೇಲೆ ಸಿಂಕಿನ ಕಡೆ ಮುಖ ಮಾಡಿಕೊಂಡು, “ನೀನು ಹೋದ್ರೆ ಈ ಮನೆಯಿಂದ ಒಬ್ರು ಹೋದ ಹಾಗೇ ತಾನೇ. ಅದಕ್ಕೆ ನಾವು ಅಂದೆ,” ಎಂದರು. ಕೋಪ ನನಗೆ ಬರಲಿಲ್ಲ. ಅವರದೇನನ್ನೋ ನಾನು ಕದ್ದು ಸಿಕ್ಕಿಬಿದ್ದ ಹಾಗೆ ಅನ್ನಿಸಿತು.

ಅಲ್ಲಿಂದ ಮುಂದೆ ನಾನು ಕಥೆ ಹೇಳುವುದರಲ್ಲಿ ಧಾರಾಳಿಯಾದೆ. ಕರೆದುಕೊಂಡು ಹೋಗದ ತಪ್ಪನ್ನು ಬಾಯಿಮಾತಿನಲ್ಲಿ ತೀರಿಸುವ ಲೆಕ್ಕ. ಹೋಟೆಲಿನ ಕಿಟಕಿಯಿಂದ ಏನು ಕಂಡಿತು, ರೈಲಿನಲ್ಲಿ ಎದುರು ಕೂತವರು ಏನು ಉಟ್ಟಿದ್ದರು, ಎಲ್ಲ ಹೇಳುತ್ತಿದ್ದೆ. ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತಿದ್ದೆ.

ನವೆಂಬರಿನ ಒಂದು ಶನಿವಾರ ಕಾಮಾಕುರಕ್ಕೆಂದು ಹೊರಟೆವು. ಅಲ್ಲಿಯ ಕಂಚಿನ ದೊಡ್ಡ ಬುದ್ಧನನ್ನು ನಾನು ಮೊದಲೇ ನೋಡಿದ್ದೆ. ಆ ದಿನ ಗುಂಪು ನೇರ ಪಕ್ಕದ ಸಮುದ್ರ ತೀರಕ್ಕೆ ಹೋಯಿತು. ಸುಟ್ಟ ಸೀಗಡಿ, ಬಿಯರು, ಬಿಸಿಲು. ಮನೆಯಲ್ಲಿ ಹೇಳುವಂಥದ್ದಲ್ಲ. ಸಂಜೆ ಸ್ಟೇಷನ್ನಿಗೆ ಬಂದಾಗ ಬ್ಯಾಗಿನಲ್ಲಿ ಚಿಕ್ಕಮ್ಮನ ಪುಳಿಯೋಗರೆ ಮುಟ್ಟದೆ ಹಾಗೇ ಇತ್ತು. ಕೆಟ್ಟಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ವಾಪಸ್ಸು ಒಯ್ದರೆ ಬೆಳಿಗ್ಗೆ ಐದಕ್ಕೆದ್ದು ಹುಣಸೆ ಗೊಜ್ಜು ಕುದಿಸಿದವರ ಮುಖ ನೋಡಬೇಕು. ಈ ದೇಶದಲ್ಲಿ ರಸ್ತೆಯಲ್ಲಿ ಕಸದ ಬುಟ್ಟಿ ಹುಡುಕಿದರೂ ಸಿಗುವುದಿಲ್ಲ. ಕೊನೆಗೆ ಕೊಂಬಿನಿ ಎನ್ನುವ ಸಣ್ಣ ದಿನಸಿ ಅಂಗಡಿಯೊಂದಕ್ಕೆ ನುಗ್ಗಿ, ಮನೆಯ ಕಸ ಹಾಕಬೇಡಿ ಎಂದು ಬರೆದಿದ್ದ ಬುಟ್ಟಿಯೊಳಕ್ಕೆ ಪುಳಿಯೋಗರೆಯನ್ನು ಸುರಿದೆ. ಕಡ್ಲೆಬೀಜ ಉದುರಿದ ಸದ್ದು ಇನ್ನೂ ಕಿವಿಯಲ್ಲಿದೆ. ಬುಟ್ಟಿಗೇ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ ಬಂದೆ. ಎಣ್ಣೆ ವಾಸನೆ ಹೋಗಲೆಂದು ಸ್ಟೇಷನ್ನಿನ ನಲ್ಲಿಯಲ್ಲಿ ಡಬ್ಬಿ ತೊಳೆದೆ. ಅದೇ ಮುಳುವಾಯಿತು.

ಮನೆಯಲ್ಲಿ ಚಿಕ್ಕಮ್ಮ ಡಬ್ಬಿ ತೆರೆದು ಒಳಗೆ ಬೆರಳಾಡಿಸಿದರು. “ಇದನ್ನ ಯಾರು ತೊಳೆದಿದ್ದು? ನೀನಂತೂ ತೊಳೆಯೋ ಪೈಕಿ ಅಲ್ಲ,” ಅಂದರು.

ಬಾಯಿಗೆ ಬಂದದ್ದನ್ನು ಹೇಳಿದೆ. ಬುದ್ಧನಿಗೆ ಹೋಗುವ ದಾರಿಯಲ್ಲಿ, ಅಕ್ಕಿಹಪ್ಪಳದ ಅಂಗಡಿಯ ಪಕ್ಕ, ಗೆಣಸು ಸುಟ್ಟು ಮಾರುವ ಒಬ್ಬ ತಾತ ಇದ್ದಾರೆ. ತಲೆಗೆ ಬಿಳಿ ಟವೆಲ್ ಸುತ್ತಿರುತ್ತಾರೆ. ಅವರ ಬೆಂಚಿನಲ್ಲಿ ಕೂತು ಊಟ ಮಾಡಿದೆ. ಅವರಿಗೂ ಕೊಟ್ಟೆ. ತಿಂದು, ಒಯಿಶಿ ಅಂದರೆ ರುಚಿ ಅಂತ, ಹಾಗೆಂದರು. ಡಬ್ಬಿ ಅವರೇ ತೊಳೆದು ಎರಡು ಕೈಯಲ್ಲಿ ಕೊಟ್ಟರು. ಅಂಗಡಿ ನಿಜ, ದಾರಿ ನಿಜ. ತಾತ ಮಾತ್ರ ಆ ಕ್ಷಣಕ್ಕೆ ಹುಟ್ಟಿದವರು.

ಚಿಕ್ಕಮ್ಮ ಕುರ್ಚಿ ಎಳೆದು ಕೂತುಬಿಟ್ಟರು. ಈ ದೇಶಕ್ಕೆ ಬಂದಾಗಿನಿಂದ ಪಕ್ಕದ ಮನೆಯವರಿಗೆ, ಅನ್ವಿಯ ಟೀಚರಿಗೆ ಏನೇನೋ ಮಾಡಿ ಕೊಟ್ಟಿದ್ದರು. ಎಲ್ಲರೂ ಬಾಗಿ ಅರಿಗಾತೋ ಎಂದು ತೆಗೆದುಕೊಂಡಿದ್ದರು. ಎದುರಿಗೆ ಕೂತು ತಿಂದವರು ಒಬ್ಬರೂ ಇರಲಿಲ್ಲ. ಹೇಗೆ ತಿಂದರು, ಖಾರ ಆಯಿತಾ, ನೀರು ಕುಡಿದರಾ ಎಂದೆಲ್ಲ ಕೇಳಿದರು. ಮೊದಲು ಕಡ್ಲೆಬೀಜ ಆರಿಸಿ ತಿಂದರು, ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೊಂದೇ ತುತ್ತು ತಿಂದರು ಎಂದೆ. ಚಿಕ್ಕಮ್ಮನ ಮುಖದಲ್ಲಿ ಅಂಥ ಸಂತೋಷ ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಚಳಿಗಾಲವೆಲ್ಲ ತಾತನ ಕಾಲವಾಯಿತು. ನಾನು ಕಾಮಾಕುರದ ದಿಕ್ಕಿಗೆ ಹೊರಟರೆ ಎರಡನೇ ಡಬ್ಬಿ ಸಿದ್ಧವಾಗುತ್ತಿತ್ತು. ನಾನು ಅದನ್ನು ಕ್ಲಾಸಿನ ವಿಯೆಟ್ನಾಂ ಹುಡುಗನಿಗೆ ಕೊಡುತ್ತಿದ್ದೆ. ಖಾರ ಜಾಸ್ತಿ ಎಂದು ಅವನು ಹೇಳಿದ್ದನ್ನು ತಾತನ ಮಾತಾಗಿ ಮನೆಗೆ ತಂದೆ. ಚಿಕ್ಕಮ್ಮ ಮೆಣಸಿನಕಾಯಿ ಕಡಿಮೆ ಮಾಡಿದರು. ಈ ಮನೆಯ ಪುಳಿಯೋಗರೆಗೆ ಏನಾಗಿದೆ, ಸಪ್ಪೆ ಸಪ್ಪೆ ಎಂದು ಚಿಕ್ಕಪ್ಪ ಗೊಣಗಿಕೊಂಡು ತಿಂದರು. ಯಾರದೋ ನಾಲಿಗೆಗಾಗಿ ತಮ್ಮ ಮನೆಯ ಅಡುಗೆ ಬದಲಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಚೆರ್ರಿ ಹೂ ಬಿಡುವ ಹೊತ್ತಿಗೆ ತುಮಕೂರಿನ ಅಕ್ಕ, ಶಾರದಮ್ಮ, ಪ್ಯಾಕೇಜ್ ಟೂರಿನಲ್ಲಿ ಬರುವುದು ನಿಶ್ಚಯವಾಯಿತು. ಟೋಕಿಯೋದ ಮಿನಾಟೋದಲ್ಲಿ ಹೋಟೆಲು. ಒಂದು ದಿನ ಬಿಡುವು. ನೀನು ಯಾವಾಗಲೂ ಹೋಗುವ ಕಾಮಾಕುರಕ್ಕೆ ಕರೆದುಕೊಂಡು ಹೋಗು, ನಿನ್ನ ಪುಳಿಯೋಗರೆ ತಾತನನ್ನು ನೋಡಬೇಕು ಎಂದರಂತೆ. ನಿನ್ನ ತಾತ! ಅಂದರೆ ಆ ಕಥೆಯೂ ಚಿಕ್ಕಮ್ಮನದಾಗಿ ತುಮಕೂರು ಮುಟ್ಟಿತ್ತು. ಫೋನ್ ಇಟ್ಟು ಚಿಕ್ಕಮ್ಮ ಬಿಳಿಚಿಕೊಂಡಿದ್ದರು. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೆಂದು ಅಕ್ಕನಿಗೆ ಗೊತ್ತಾದರೆ ತವರಿನಲ್ಲಿ ತಲೆಯೆತ್ತುವ ಹಾಗಿಲ್ಲ, ಅದೇ ಅವರ ಭಯ. ನಾನೂ ಬರುತ್ತೇನೆ ಎಂದೆ. ಬೇಡ ಎಂದರು. ನೀನು ಮುಂದೆ ಮುಂದೆ ಹೋದರೆ ದಾರಿ ಯಾರಿಗೆ ಗೊತ್ತು ಅನ್ನುವುದು ಅವಳಿಗೆ ತಿಳಿದುಬಿಡುತ್ತದೆ, ನನಗೇ ಕಲಿಸು ಎಂದರು.

ಮಧ್ಯಾಹ್ನ ಅಡುಗೆ ಕಟ್ಟೆಯ ಮೇಲೆ ಪಾಠ ನಡೆಯಿತು. ಧನಿಯದ ಡಬ್ಬಿ ಶಿನಾಗಾವಾ, ಸಾಸಿವೆ ಡಬ್ಬಿ ಕಾಮಾಕುರ, ಅಲ್ಲಿಂದ ಹಸಿರು ಬಣ್ಣದ ಪುಟ್ಟ ರೈಲು, ಇಳಿದು ನೇರ ನಡೆದರೆ ಜೀರಿಗೆ ಡಬ್ಬಿಯೇ ಬುದ್ಧ. ಸಾಸಿವೆಯಿಂದ ಜೀರಿಗೆಗೆ ಬೆರಳು ಸರಿಸುತ್ತ ಅವರು ಮತ್ತೆ ಮತ್ತೆ ಒಪ್ಪಿಸಿದರು. ನಿಜ ಹೇಳಲು ನಾನು ಅಷ್ಟೇ ಸಲ ಬಾಯಿ ತೆರೆದೆ. ಗೆಣಸಿನ ಕಾಲ ಮುಗಿಯಿತಲ್ಲ, ತಾತ ಅಲ್ಲಿ ಇರಲಿಕ್ಕಿಲ್ಲ ಎಂದು ಮಾತ್ರ ಹೇಳಲು ಸಾಧ್ಯವಾಯಿತು. ಇರ್ತಾರೆ ಬಿಡು, ಬೇರೆ ಏನಾದರೂ ಮಾರುತ್ತಿರುತ್ತಾರೆ ಎಂದು ಅವರು ಹುಣಸೆಹಣ್ಣು ನೆನೆಹಾಕಿದರು.

ಅಕ್ಕನ ಬಿಡುವಿನ ದಿನ ಬಿಳಿ ಶೂ ಮೊದಲ ಸಲ ಹೊಸ್ತಿಲು ದಾಟಿತು. ನಾನು ಅನ್ವಿಯನ್ನು ನೋಡಿಕೊಳ್ಳಲು ಉಳಿದೆ. ಅವಳು ಬಣ್ಣ ತುಂಬುತ್ತ ಕೂತಿದ್ದಳು. ತಲೆಯೆತ್ತದೆ, “ಅಣ್ಣಾ, ದಟ್ ತಾತ, ಇಸ್ ಹೀ ರಿಯಲ್?” ಎಂದು ಕೇಳಿದಳು. ಹೂಂ ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ ಮತ್ತೆ ಬಣ್ಣಕ್ಕೆ ತಿರುಗಿದಳು. ಆ ದಿನದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಪ್ರತಿ ಸಲ ಲಿಫ್ಟಿನ ಸದ್ದಾದಾಗಲೂ ಎದ್ದು ಬಾಗಿಲ ಬಳಿ ಹೋಗುತ್ತಿದ್ದೆ.

ಸಂಜೆ ಚಿಕ್ಕಮ್ಮ ಬಂದಾಗ ಕಣ್ಣು ಕೆಂಪಾಗಿದ್ದವು. ಬಾಗಿಲ ಬಳಿ ಶೂ ಕಳಚಿ ಸೋಫಾದಲ್ಲಿ ಕೂತರು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ನಾನು ಟಬ್ಬಿನಲ್ಲಿ ಬಿಸಿನೀರು ತಂದಿಟ್ಟೆ. ಕಾಲು ಇಳಿಬಿಟ್ಟುಕೊಂಡು ಅವರು ಹೇಳಿದರು. ರೈಲು ಒಂದೂ ತಪ್ಪಲಿಲ್ಲ. ಹಪ್ಪಳದ ಅಂಗಡಿ ಸಿಕ್ಕಿತು, ಪಕ್ಕದ ಜಾಗ ಖಾಲಿ ಇತ್ತು. ಅಂಗಡಿಯ ಹೆಂಗಸನ್ನು ತಮಗೆ ಬರುವ ಅರೆಬರೆ ಜಪಾನಿಯಲ್ಲಿ ಕೇಳಿದರಂತೆ. ಆಕೆ ತಲೆ ವಾಲಿಸಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು, ಕಣ್ಣು ತಗ್ಗಿಸಿ, ಸುಮಿಮಾಸೆನ್ ಸುಮಿಮಾಸೆನ್ ಎನ್ನುತ್ತ ಸೊಂಟ ಮುರಿಯುವಷ್ಟು ಬಾಗಿದರಂತೆ. ಅವರು ಅಷ್ಟು ಬಾಗಿದ ಮೇಲೆ ಇನ್ನೇನು ಕೇಳುವುದು, ನಮಗೆ ಅರ್ಥವಾಯಿತು, ತಾತ ಹೋಗಿಬಿಟ್ಟಿದ್ದರು ಎಂದರು ಚಿಕ್ಕಮ್ಮ.

ಗೊತ್ತಿಲ್ಲ ಎಂದು ಹೇಳಬೇಕಾಗಿ ಬಂದರೂ ಈ ದೇಶದವರು ಹಾಗೆಯೇ ಬಾಗುತ್ತಾರೆ. ಅದು ನನಗೆ ಗೊತ್ತಿತ್ತು.

ಅಕ್ಕತಂಗಿಯರಿಬ್ಬರೂ ಬೀದಿಯಲ್ಲೇ ಅತ್ತಿದ್ದರು. ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಪುಟ್ಟ ಕಲ್ಲಿನ ಜಿಝೋ ವಿಗ್ರಹವೊಂದಿತ್ತಂತೆ, ದಾರಿಹೋಕರನ್ನು ಕಾಯುವ ದೇವರು. ಅದರ ಮುಂದೆ ಪುಳಿಯೋಗರೆ ಇಟ್ಟು ಕೈ ಮುಗಿದು ಬಂದಿದ್ದರು. “ಅಕ್ಕ ನನ್ನ ತಬ್ಬಿಕೊಂಡು ಏನಂದ್ಲು ಗೊತ್ತಾ? ನೀನಿಲ್ಲಿ ಒಂಟಿ ಅಂತ ಅಮ್ಮ ಕೊರಗ್ತಾಳೆ ಕಣೇ, ಹೋದ್ರೆ ನೀನು ಅಳೋವಂಥ ಜನ ಇಲ್ಲೂ ಇದ್ದಾರೆ ಅಂತ ಹೋಗಿ ಹೇಳ್ತೀನಿ ಅಂದ್ಲು,” ಎಂದರು ಚಿಕ್ಕಮ್ಮ. ಟಬ್ಬಿನ ನೀರು ಆರುತ್ತಿತ್ತು. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಇನ್ನಷ್ಟು ಬಿಸಿನೀರು ತರುತ್ತೇನೆಂದು ನಾನು ಎದ್ದು ಹೋದೆ. ಆಗಸ್ಟಿನಲ್ಲಿ ಬೆಂಗಳೂರಿನ ವಿಮಾನ ಹತ್ತುವವರೆಗೂ ಹೀಗೇ ಎದ್ದು ಹೋಗುತ್ತಲೇ ಇದ್ದೆ.

ಈಗ ಚಿಕ್ಕಮ್ಮ ಊರೂರು ತಿರುಗುತ್ತಾರೆ. ಉರಯಾಸುವಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಶನಿವಾರ ಗುಂಪು ಕಟ್ಟಿಕೊಂಡು ಕರೆದೊಯ್ಯುತ್ತಾರೆ. ಬಿಳಿ ಶೂ ಸವೆದು ಹೋಗಿ ಅಂಥದೇ ಬೇರೆ ಬಂದಿದೆ. ಹೇಗೂ ಒಳ್ಳೆಯದೇ ಆಯಿತಲ್ಲ ಎಂದು ನಾನು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಬರೀ ನೆಪ. ಪ್ರತಿ ವರ್ಷ ಚೆರ್ರಿ ಹೂವಿನ ಕಾಲಕ್ಕೆ ಒಬ್ಬ ಹೆಂಗಸು ಇಲ್ಲದ ಮನುಷ್ಯನಿಗಾಗಿ ಮುಂಜಾನೆ ಎದ್ದು ಗೊಜ್ಜು ಕುದಿಸುತ್ತಾಳೆಂದರೆ, ಅದನ್ನು ಯಾವ ಒಳ್ಳೆಯದಕ್ಕೆ ಸರಿದೂಗಿಸುವುದು?

ಶನಿವಾರ ಹೋದೆವು. ಹೂವು ಉದುರುತ್ತಿತ್ತು. ಜನಜಂಗುಳಿಯಲ್ಲಿ ಚಿಕ್ಕಮ್ಮ ಮುಂದೆ, ನಾನು ಹಿಂದೆ. ಅವರು ಜಿಝೋ ಮುಂದೆ ಕಸ ಗುಡಿಸುತ್ತಿರುವಾಗ ನಾನು ಹಪ್ಪಳ ಕೊಳ್ಳಲು ಅಂಗಡಿಗೆ ಹೋದೆ. ಅದೇ ಹೆಂಗಸು, ಈಗ ಕೂದಲು ಪೂರ್ತಿ ನರೆತಿದೆ. ನನಗೆ ಜಪಾನಿ ಬರುತ್ತದೆಂದು ತಿಳಿದ ಕೂಡಲೇ ದನಿ ತಗ್ಗಿಸಿ ಕೇಳಿದರು. ಆಕೆ ಮದುವೆಯಾಗಿ ಬಂದಾಗಿನಿಂದ ಇದೇ ಅಂಗಡಿಯಲ್ಲಿದ್ದಾರೆ. ಆ ಜಾಗದಲ್ಲಿ ಗೆಣಸು ಮಾರುವವರನ್ನು ಎಂದೂ ನೋಡಿಲ್ಲ. ಆದರೆ ನಿಮ್ಮ ಚಿಕ್ಕಮ್ಮ ಪ್ರತಿ ವರ್ಷ ಬಂದು ಅಳುತ್ತಾರೆ, ಕೇಳುವುದು ಸರಿಯಲ್ಲವೆಂದು ಸುಮ್ಮನಿದ್ದೆ, ಅವರು ಅಳುವುದು ಯಾರಿಗಾಗಿ ಎಂದರು. ನಾನು ಸುಮಿಮಾಸೆನ್ ಎಂದು ಬಾಗಿದೆ. ಕೇಳಬಾರದ್ದನ್ನು ಕೇಳಿದೆನೇನೋ ಎಂದು ಆಕೆಯೂ ಬಾಗಿದರು. ಏಳಲು ನನಗೆ ಮನಸ್ಸೇ ಬರಲಿಲ್ಲ.

ಹೊರಗೆ ಬಂದಾಗ ಚಿಕ್ಕಮ್ಮ ಕಲ್ಲಿನ ಕಟ್ಟೆಯ ಮೇಲೆ ಕೂತು ಪಕ್ಕದಲ್ಲಿ ಜಾಗ ಮಾಡಿದರು. ನೈವೇದ್ಯ ಮುಗಿದಿತ್ತು. ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. ಅದೇ ಸ್ಟೀಲ್ ಡಬ್ಬಿ.

“ತಾತನ ಪಾಲು ನೀನೇ ತಿನ್ನು. ಜೊತೇಲಿ ಕೂತು ಊಟ ಮಾಡಿದವನು ನೀನೊಬ್ಬನೇ,” ಎಂದರು. ಮುಚ್ಚಳ ತೆಗೆದು, “ನಾನಂತೂ ಅವರ ಮುಖ ನೋಡ್ಲಿಲ್ಲ. ಹೇಗೆ ತಿಂದ್ರು, ಇನ್ನೊಂದ್ಸಲ ಹೇಳು,” ಎಂದರು.

ಹೇಳಿಬಿಡಬೇಕೆಂದು ಮುಖ ತಿರುಗಿಸಿದೆ. ಅವರು ಆಗಲೇ ಕೇಳಲು ಸಿದ್ಧವಾಗಿ ಕೂತಿದ್ದರು, ಅಂದು ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತಂತೆಯೇ.

ಮೊದಲು ಕಡ್ಲೆಬೀಜ ಆರಿಸಿ ತಿಂದರು ಎಂದೆ. ಆರಿಸಿ ತಿಂದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೊಂದೇ ತುತ್ತು ಎಂದೆ. ಕಣ್ಣು ಮುಚ್ಚಿದೆ. ಖಾರ ಕಡಿಮೆಯಿತ್ತು, ತಾತನಿಗೆಂದೇ ಮಾಡಿದ್ದು. ನಿಲ್ಲಿಸಲಿಲ್ಲ. ಬೆರಳಿಗಂಟಿದ ಅಗುಳನ್ನೂ ಬಿಡದೆ, ಡಬ್ಬಿಯ ತಳ ಕಾಣುವವರೆಗೆ ತಿಂದೆ. ಆಮೇಲೆ ಎದ್ದು, ಬೀದಿಯ ನಲ್ಲಿಯಲ್ಲಿ ಡಬ್ಬಿ ತೊಳೆದು ತಂದು, ಎರಡು ಕೈಯಲ್ಲಿ ಚಿಕ್ಕಮ್ಮನಿಗೆ ಕೊಟ್ಟೆ.